ಹಿಂದಿನ ಸೀಟಿನ ಅಳತೆ

ಕಾರು ಕೊಳ್ಳುವುದು ಸಂತೋಷದ ಕೆಲಸ ಎಂದು ಯಾರು ಹಬ್ಬಿಸಿದರೋ ಗೊತ್ತಿಲ್ಲ. ನಮ್ಮ ಮನೆಗೆ ಹೊಸ ಕಾರು ಬೇಕೆಂದು ತೀರ್ಮಾನವಾದ ಮೇಲಿನ ದಿನಗಳಿಂದ ನನಗೆ ನೆನಪಿರುವುದು ಶೋರೂಮುಗಳ ಎ.ಸಿ. ಚಳಿ, ಸಕ್ಕರೆ ಹೆಚ್ಚಾದ ಕಾಫಿ, ಮೂಗಿಗೆ ಅಂಟಿಕೊಂಡು ಮನೆಯವರೆಗೂ ಬರುವ ಹೊಸ ಪ್ಲಾಸ್ಟಿಕ್ಕಿನ ವಾಸನೆ. ಮತ್ತೆ, ಚಪ್ಪಲಿ ಬಿಡುವುದಕ್ಕೆ ಮೊದಲೇ ಒಳಗಿನಿಂದ "ಏನಾಯ್ತೇ?" ಎಂದು ಕೇಳುವ ನಮ್ಮ ಅತ್ತೆಯ ದನಿ. ಅಲೆದಾಟಕ್ಕಿಂತ ಆ ದನಿಗೆ ಉತ್ತರ ಕೊಡುವುದೇ ಹೆಚ್ಚು ದಣಿವಿನ ಕೆಲಸವಾಗಿತ್ತು.

ಕಾರು ಬೇಕಾದದ್ದೇ ಅವರಿಗೆ. ಅತ್ತೆಯ ಎರಡೂ ಮಂಡಿಗಳು ಸವೆದಿವೆ. ಆಪರೇಷನ್ ಎಂದರೆ "ಇರೋಷ್ಟು ದಿನ ಇದ್ರಲ್ಲೇ ನಡೀತೀನಿ ಬಿಡಿ" ಎನ್ನುತ್ತಾರೆ. ಮನೆಯೊಳಗೆ ಗೋಡೆ ಹಿಡಿದು ಓಡಾಡುತ್ತಾರೆ, ಮಂಚದಿಂದ ತಾವೇ ಏಳುತ್ತಾರೆ, ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಪೂಜೆಗೆ ಎತ್ತರದ ಕುರ್ಚಿಯಲ್ಲಿ ಕೂರುತ್ತಾರೆ. ಅವರಿಗೆ ಸೋಲು ತಂದದ್ದು ನಮ್ಮ ಹಳೇ ಕಾರು. ಅದು ಮಾವನವರು ಇದ್ದಾಗ ಕೊಂಡದ್ದು. ನೆಲಕ್ಕೆ ಅಂಟಿಕೊಂಡಂತಿರುವ ಕಾರು. ಕೂರುವುದೆಂದರೆ ಬೀಳುವುದು, ಏಳುವುದೆಂದರೆ ಬಾವಿಯಿಂದ ಮೇಲೆ ಬರುವುದು.

ಕಳೆದ ಬಾರಿ ಒಂದು ಮದುವೆಗೆ ಹೋಗಿದ್ದೆವು. ಕಲ್ಯಾಣ ಮಂದಿರದ ಬಾಗಿಲಲ್ಲಿ, ಎದುರುಗೊಳ್ಳಲು ನಿಂತ ನೆಂಟರ ಮುಂದೆ, ಅತ್ತೆಗೆ ಹಿಂದಿನ ಸೀಟಿನಿಂದ ಏಳಲಾಗಲಿಲ್ಲ. ನಮ್ಮ ಮನೆಯವರು ಒಂದು ಕೈ ಹಿಡಿದು ಎಳೆದರು. ಯಾರೋ ಗುರುತಿಲ್ಲದ ಒಬ್ಬ ಧಡೂತಿ ಮನುಷ್ಯ, ಒಳ್ಳೆಯ ಮನಸ್ಸಿನಿಂದಲೇ, ಕಂಕುಳಿಗೆ ಕೈ ಹಾಕಿ ಎತ್ತಿಬಿಟ್ಟ. ಸೆರಗು ಜಾರಿತು, ಒಂದು ಚಪ್ಪಲಿ ಕಾರಿನೊಳಗೇ ಉಳಿಯಿತು. ಅತ್ತೆ ಸೆರಗು ಸರಿಮಾಡಿಕೊಂಡು ಒಳಗೆ ಹೋದರು. ಅಕ್ಷತೆ ಹಾಕಿದರು, ಊಟ ಮಾಡಿದರು. ಮನೆಗೆ ಬಂದ ಮೇಲೆ ಹೇಳಿದ್ದು ಒಂದೇ ಮಾತು.

"ಇನ್ನು ನನ್ನ ಎಲ್ಲಿಗೂ ಕರೀಬೇಡಿ. ಮೂಟೆ ಥರ ಎತ್ತಿಸ್ಕೊಂಡು ಬರೋ ಹಾಗಿದ್ರೆ ನಾನು ಹೊಸ್ಲು ದಾಟಲ್ಲ."

ಅದಾಗಿ ಕೆಲವೇ ದಿನಕ್ಕೆ ಭದ್ರಾವತಿಯಲ್ಲಿ ನಮ್ಮ ಚಿಕ್ಕತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಚಿಕ್ಕತ್ತೆ ಎಂದರೆ ಅತ್ತೆಯ ಓರಗಿತ್ತಿ, ಮಾವನವರ ತಮ್ಮನ ಹೆಂಡತಿ. ಓರಗಿತ್ತಿಯರು ಎಂದರೆ ಜನ ಜಗಳದ ಕಥೆಯನ್ನೇ ಕಾಯುತ್ತಾರೆ, ಇವರಿಬ್ಬರದು ಬೇರೆ. ಚಿಕ್ಕತ್ತೆ ಸೊಸೆಯಾಗಿ ಬಂದಾಗ ಅವರಿಗೆ ಅನ್ನ ಬಸಿಯುವುದೂ ಬರುತ್ತಿರಲಿಲ್ಲವಂತೆ. ಅತ್ತೆ ಎಲ್ಲವನ್ನೂ ಕಲಿಸಿದರು, ಬೈದರು, ಹೆರಿಗೆ ಮಾಡಿಸಿದರು. ಈಗಲೂ ಆ ನರೆಗೂದಲಿನ ಹೆಂಗಸನ್ನು "ಏ ಹುಡುಗಿ" ಎಂದೇ ಕರೆಯುತ್ತಾರೆ. ಆ ಹುಡುಗಿ ಈಗ ಓಲ್ಡ್ ಟೌನಿನ ಮನೆಯ ನಡುಮನೆಯಲ್ಲಿ ಮಂಚದ ಮೇಲೆ. ಇವರು ಶಿವಮೊಗ್ಗದಲ್ಲಿ ಹೊಸಿಲಿನ ಒಳಗೆ. ನಡುವೆ ಇರುವುದು ಬಸ್ಸು ಹತ್ತಿದರೆ ಅರ್ಧ ಮುಕ್ಕಾಲು ಗಂಟೆಯ ದಾರಿ. ದಿನಾ ಫೋನಿನಲ್ಲಿ ಮಾತು. "ನಿನ್ನ ನೋಡ್ಬೇಕು ಕಣೇ" ಎಂದು ಇವರು, "ಬಾರಕ್ಕ" ಎಂದು ಅವರು.

ಬಸ್ಸಿನ ಮೆಟ್ಟಿಲು ಅತ್ತೆಗೆ ಸಾಧ್ಯವಿಲ್ಲ. ಆಟೋದಲ್ಲಿ ಅಷ್ಟು ದೂರ ಕುಲುಕಿದರೆ ಮಂಡಿ ಕುಂಬಳಕಾಯಿಯಾಗುತ್ತದೆ. ಬಾಡಿಗೆ ಕಾರು ಎಂದರೆ, "ಇನ್ನೊಬ್ಬ ಗೊತ್ತಿಲ್ಲದೋನು ಎತ್ತೋದಾ?" ಎಂದರು. ಹಾಗಾಗಿ ಹೊಸ ಕಾರು.

ಅದಕ್ಕೂ ಅವರನ್ನೇ ಕರೆದುಕೊಂಡು ಹೋಗಿ ಕೂರಿಸಿ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾವೂ ಕೇಳಿದೆವು.

"ಕಾರು ನೋಡಕ್ಕೆ ಹೋಗೋದು ಯಾವುದ್ರಲ್ಲಿ? ಆ ಹಳೇದ್ರಲ್ಲೇ ತಾನೆ?" ಎಂದರು ಅತ್ತೆ. "ಮತ್ತೆ ಅಲ್ಲಿ ಇಳ್ಸೋಕೆ ಇಬ್ರು, ಹತ್ಸೋಕೆ ಇಬ್ರು. ಬೇಡ. ಈ ಮಂಚದಷ್ಟು ಎತ್ತರ ಇರ್ಲಿ ಸೀಟು. ಇದ್ರಿಂದ ನಾನೇ ಏಳ್ತೀನಿ, ನಾನೇ ಕೂರ್ತೀನಿ. ಅಷ್ಟು ನೋಡ್ಕೊಂಡು ಬನ್ನಿ."

ನಮ್ಮ ಮನೆಯವರಿಗೆ ಗಾಂಧಿ ಬಜಾರಿನಲ್ಲಿ ದಿನಸಿ ಅಂಗಡಿ. ಅಂಗಡಿಯಲ್ಲಿ ಅಳತೆಯ ಟೇಪು ಇದೆ, ಸಂಜೆ ತರುತ್ತೇನೆ ಎಂದರು. ತರಲಿಲ್ಲ. ಮಾರನೇ ದಿನವೂ ಮರೆತರು. ನಾನು ನನ್ನ ಅಜ್ಜಿ ಹೂ ಅಳೆಯುತ್ತಿದ್ದ ಹಾಗೆ ಮೊಣಕೈಯನ್ನು ನೆಲಕ್ಕೆ ಊರಿ ಮಂಚವನ್ನು ಅಳೆದೆ. ಒಂದು ಮೊಳ, ನಾಲ್ಕು ಬೆರಳು. ಕೈಯನ್ನು ಯಾರೂ ಅಂಗಡಿಯಲ್ಲಿ ಮರೆತು ಬರುವುದಿಲ್ಲವಲ್ಲ.

ಮೊದಲ ಶೋರೂಮು ಬಿ.ಎಚ್. ರಸ್ತೆಯಲ್ಲಿ. ನಾವು ಮೂವರು ಹೋದೆವು: ನಮ್ಮ ಮನೆಯವರು, ನಾನು, ಭದ್ರಾವತಿಯಿಂದ ಬಸ್ಸಿಗೆ ಬಂದ ಚಿಕ್ಕಮಾವ. ಚಿಕ್ಕಮಾವ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನಿವೃತ್ತಿ ಅವರ ನೌಕರಿಗೆ ಆಯಿತೇ ಹೊರತು ಕಬ್ಬಿಣದ ಮೇಲಿನ ಅಧಿಕಾರಕ್ಕೆ ಆಗಲಿಲ್ಲ. ಗೇಟಾಗಲಿ, ಬೀರುವಾಗಲಿ, ನಾನು ತಂದ ಇಡ್ಲಿ ಪಾತ್ರೆಯಾಗಲಿ, ಬೆರಳಿನ ಗಂಟಿನಿಂದ ಟೊಕ್ ಟೊಕ್ ಎಂದು ಬಡಿದು, ತಲೆ ವಾರೆ ಮಾಡಿ ಕೇಳಿ, ತೀರ್ಪು ಕೊಡುತ್ತಾರೆ. ಶೋರೂಮಿನೊಳಗೆ ಹೋದವರೇ ಥಳಥಳ ಹೊಳೆಯುತ್ತಿದ್ದ ಕೆಂಪು ಕಾರಿನ ಬಾಗಿಲಿಗೆ ಬಡಿದರು.

"ಡಬ್ಬ," ಎಂದರು. "ಎಣ್ಣೆ ಡಬ್ಬ ಇದಕ್ಕಿಂತ ಗಟ್ಟಿ ಇರುತ್ತೆ."

ಕುತ್ತಿಗೆಗೆ ಟೈ ಬಿಗಿದುಕೊಂಡಿದ್ದ ಸೇಲ್ಸ್‌ನವರು ಓಡಿ ಬಂದರು. "ಸಾರ್, ಸಾರ್, ಡಿಸ್‌ಪ್ಲೇ ಗಾಡಿ ಸಾರ್. ಬಡೀಬಾರ್ದು."

"ಬಡಿದ್ರೆ ತಡ್ಕೊಳ್ದಿರೋದು ಲಾರಿ ಗುದ್ದಿದ್ರೆ ತಡ್ಕೊಳ್ಳುತ್ತೇನಪ್ಪ?"

ಆತ ನಗುವುದೋ ಬಿಡುವುದೋ ತಿಳಿಯದೆ ನನ್ನ ಕಡೆ ತಿರುಗಿದರು. "ಮೇಡಂ, ಇದ್ರಲ್ಲಿ ಸನ್‌ರೂಫ್ ಇದೆ. ಫ್ಯಾಮಿಲಿಯವ್ರಿಗೆ ತುಂಬಾ ಇಷ್ಟ ಆಗುತ್ತೆ."

"ನಮ್ಮತ್ತೆ ಮೇಲಿಂದ ಇಳಿಯಲ್ಲಪ್ಪ," ಎಂದೆ. "ಹಿಂದಿನ ಬಾಗ್ಲು ತೆಗೀರಿ."

ಬಾಗಿಲು ತೆರೆದರು. ನಾನು ಆ ಕನ್ನಡಿಯಂತಹ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಮೊಣಕೈ ಊರಿ ಸೀಟು ಅಳೆದೆ. ಒಂದು ಮೊಳಕ್ಕೆ ಎರಡು ಬೆರಳು ಕಡಿಮೆ. ಆಚೆ ಮೇಜಿನ ಹುಡುಗಿಯರು ಕಂಪ್ಯೂಟರಿನ ಹಿಂದೆ ಮುಖ ಮುಚ್ಚಿಕೊಂಡು ನಕ್ಕರು. ನಗಲಿ ಬಿಡಿ, ನನಗೂ ನಗು ಬರುತ್ತಿತ್ತು, ಅದಿನ್ನೂ ಮೊದಲನೇ ದಿನ.

ನಮ್ಮ ಮನೆಯವರ ಕಷ್ಟವೇ ಬೇರೆ. ಬಜಾರಿನವರು ಅವರು. ಒಂದು ಮೂಟೆ ಕಡಲೆಗೂ ಮೊದಲು ಮುಖ ತಿರುಗಿಸಿ, ಆಮೇಲೆ ಎದ್ದು ಹೊರಟು, ವಾಪಸ್ ಕರೆಸಿಕೊಂಡು ಬೆಲೆ ಕುದುರಿಸಿದವರು. ಇಲ್ಲಿ ಎದ್ದು ಹೊರಟರೆ ಯಾರೂ ವಾಪಸ್ ಕರೆಯುವುದಿಲ್ಲ. ಬಾಗಿಲು ತೆಗೆದು "ಥ್ಯಾಂಕ್ಯೂ ಸಾರ್" ಎನ್ನುತ್ತಾರೆ. "ಕೊನೇ ರೇಟು ಹೇಳಿ" ಎಂದರೆ ಕಂಪನಿ ರೇಟು ಎನ್ನುತ್ತಾರೆ. ಬಹಳ ಒತ್ತಾಯ ಮಾಡಿದರೆ ಕಾಲಡಿಗೆ ಹಾಸುವ ಮ್ಯಾಟು ಫ್ರೀ. ಹೊರಗೆ ಬಂದು ಹಳೇ ಕಾರು ನಿಲ್ಲಿಸಿದಲ್ಲಿ ನಿಂತು ಅವರು ಹೇಳಿದರು, "ಇವ್ರಿಗೆ ವ್ಯಾಪಾರಾನೇ ಗೊತ್ತಿಲ್ಲ ಮಾರಾಯ್ತಿ. ಬೊಂಬಾಯಿ ಮಿಠಾಯಿ ಮಾರೋನೂ ಎರಡು ಮಾತಾಡ್ತಾನೆ."

ಎರಡನೆಯದು, ಮೂರನೆಯದು, ಸಾಗರ ರಸ್ತೆಯದು, ಇನ್ನೂ ಆಚೆಯದು. ನೆನಪಿನಲ್ಲಿ ಎಲ್ಲವೂ ಒಂದೇ ಶೋರೂಮಾಗಿ ಕಲಸಿಹೋಗಿವೆ. ಎಲ್ಲ ಕಡೆಯೂ ನನ್ನ ಮೊಳ, ಚಿಕ್ಕಮಾವನ ಬಡಿತ, ನಮ್ಮ ಮನೆಯವರ ಹುಸಿ ಎದ್ದುಹೋಗುವಿಕೆ. ಸೀಟಿನ ಎತ್ತರ ಸರಿಯಿದ್ದದ್ದು ಚಿಕ್ಕಮಾವನಿಗೆ ತಗಡು. ಚಿಕ್ಕಮಾವ ಬಡಿದು "ಹಾಂ, ಇದು ಕಬ್ಬಿಣ" ಎಂದು ಕಣ್ಣು ಮುಚ್ಚಿ ಆನಂದಪಟ್ಟದ್ದು ಒಂದೂವರೆ ಮೊಳ ಎತ್ತರ; ಬಾಗಿಲು ಎಳೆದರೆ ನನ್ನ ಭುಜವೇ ಬರುವಂತಿತ್ತು.

"ಮಾವ, ಇದಕ್ಕೆ ಏಣಿ ಬೇಕು," ಎಂದೆ.

"ಫುಟ್‌ಸ್ಟೆಪ್ ಹಾಕ್ಸಬಹುದು ಮೇಡಂ," ಎಂದ ಸೇಲ್ಸ್‌ನವನು.

"ಮೆಟ್ಲು ಹತ್ತೋ ಹಾಗಿದ್ರೆ ಅವ್ರು ಬಸ್ಸಿಗೇ ಹೋಗ್ತಿದ್ರಪ್ಪ."

ಚಿಕ್ಕಮಾವ ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕುಳಿತಿದ್ದರು. ಎಲ್ಲ ಕಾರಿನಲ್ಲೂ ಅವರು ನೋಡುತ್ತಿದ್ದದ್ದು ಆ ಸೀಟನ್ನೇ. "ಅತ್ತಿಗೆಗೆ ಎತ್ತರ ಆದ್ರೆ ನಾವು ಹಿಡ್ಕೋತೀವಲ್ಲ," ಎಂದರು. ಹೇಳಿದ ಮೇಲೆ ಅವರಿಗೇ ತಪ್ಪು ತಿಳಿಯಿತು, ಇಳಿದು ಬಂದರು. ಪಾಪ, ಅವರಿಗೂ ಒಳಗೆ ಕುದಿ. ದಿನಾ ರಾತ್ರಿ ಚಿಕ್ಕತ್ತೆ "ಅಕ್ಕ ಯಾವಾಗ ಬರ್ತಾಳಂತೆ?" ಎಂದು ಕೇಳುತ್ತಿದ್ದರಂತೆ.

ಹೊಸದು ಬೇಡ, ಹಳೆಯದಾದರೂ ಆಗಲಿ ಎಂದು ಒಂದು ದಿನ ಭದ್ರಾವತಿಗೂ ಹೋದೆವು. ನ್ಯೂ ಟೌನಿನಲ್ಲಿ ಚಿಕ್ಕಮಾವನ ಜೊತೆ ಕಾರ್ಖಾನೆಯಲ್ಲಿದ್ದ ಒಬ್ಬ ತಮಿಳು ಹಿರಿಯರು ತಮ್ಮ ಕಾರು ಮಾರುತ್ತಾರೆ ಎಂಬ ಸುದ್ದಿ. ಹೋಗಿ ನೋಡಿದರೆ ಕಾರಿಗೆ ಕಂಬಳಿ ಹೊದಿಸಿದ್ದರು. ಹಿಂದಿನ ಸೀಟಿನ ಪ್ಲಾಸ್ಟಿಕ್ ಕವರು ಕೂಡ ಹರಿದಿರಲಿಲ್ಲ. ಒಂದು ಮೊಳ ನಾಲ್ಕು ಬೆರಳು, ಕರಾರುವಾಕ್ಕು! ನನ್ನ ಎದೆ ಹಗುರಾಯಿತು. ಅಷ್ಟರಲ್ಲಿ ಚಿಕ್ಕಮಾವ ಬಾನೆಟ್ಟಿಗೆ ಬಡಿದರು.

"ಅಯ್ಯೋ, ಕೈ ತೆಗಿ ಅಪ್ಪಾ! ನಾನೇ ಹಂಗೆ ಮುಟ್ಟಿಲ್ಲ ಅದನ್ನ!" ಎಂದರು ಆ ಹಿರಿಯರು.

"ಕಬ್ಬಿಣದ ಶೀಟು ನೋಡ್ಬಾರ್ದಾ ಕೊಳ್ಳೋನು?"

"ಶೀಟು ನೋಡಕ್ಕೆ ನೀನ್ಯಾರು? ನೀನಿದ್ದಿದ್ದು ಸ್ಟೋರಲ್ಲಿ. ಉಕ್ಕು ಮಾಡಿದ್ದು ನಾವು, ಮರೆತ್ಬಿಟ್ಯಾ?"

ಮಾತು ಕಾರ್ಖಾನೆಯ ಹಳೆಯ ಕಾಲಕ್ಕೆ ಹೋಯಿತು, ಯಾರ ವಿಭಾಗದಲ್ಲಿ ಯಾರು ಮಲಗುತ್ತಿದ್ದರು ಎಂಬುದಕ್ಕೆ ಹೋಯಿತು. ನಾವು ಹೊರಡುವಾಗ ಆ ಹಿರಿಯರು ಕಂಬಳಿಯನ್ನು ಮತ್ತೆ ಹೊದಿಸುತ್ತ, ತಾವು ಮಾರುವುದೇ ಇಲ್ಲ ಎಂದುಬಿಟ್ಟರು. ಅವರಿಗೆ ಮೊದಲಿನಿಂದಲೂ ಮನಸ್ಸಿರಲಿಲ್ಲವೆಂದು ತೋರುತ್ತದೆ. ಓಲ್ಡ್ ಟೌನಿಗೆ ಹೋಗಿ ಚಿಕ್ಕತ್ತೆಯನ್ನು ನೋಡಿಕೊಂಡು ಬಂದೆವು. "ನೀವೆಲ್ಲ ಬರ್ತೀರಿ, ಅವಳು ಬರಲ್ಲ" ಎಂದು ಚಿಕ್ಕತ್ತೆ ಗೋಡೆಯ ಕಡೆ ತಿರುಗಿದರು.

ಆಮೇಲೆ ಬಂದದ್ದು ಫೋನಿನ ಕಾಲ. ಒಂದು ಕಡೆ ನಂಬರು ಕೊಟ್ಟರೆ ಎಲ್ಲ ಕಡೆಗೂ ಅದು ಹೇಗೆ ಹೋಗುತ್ತದೋ! ನಮ್ಮ ಮನೆಯವರು ತಕ್ಕಡಿ ಹಿಡಿದಾಗ ಫೋನು, ಊಟಕ್ಕೆ ಕುಳಿತಾಗ ಫೋನು. "ಸಾರ್, ಡಿಸಿಷನ್ ಆಯ್ತಾ ಸಾರ್?" ಹೊಸ ಕಾರು ಕೊಳ್ಳಲು ಸಾಲ ಬೇಕೇ ಎಂದು ಕೇಳುವವರು, ಹಳೇ ಕಾರು ಕೊಡುತ್ತೀರಾ ಎನ್ನುವವರು, ಬರಿದೇ "ಫೀಡ್‌ಬ್ಯಾಕ್" ಕೇಳುವವರು. ಆದರೆ ನಾವು ಕೇಳಿದ ಒಂದೇ ಒಂದು ಉಪಕಾರ ಯಾರಿಂದಲೂ ಆಗಲಿಲ್ಲ. ಟೆಸ್ಟ್ ಡ್ರೈವ್ ಗಾಡಿಯನ್ನು ಒಮ್ಮೆ ಮನೆ ಬಾಗಿಲಿಗೆ ತನ್ನಿ, ಅತ್ತೆ ಕೂತು ನೋಡಲಿ ಎಂದೆವು. "ಖಂಡಿತ ಸಾರ್, ನಾಳೆ ಬೆಳಿಗ್ಗೆ."

ಮಾರನೇ ಬೆಳಿಗ್ಗೆ ಅತ್ತೆ ಬೇಗ ಎದ್ದು, ಇಳಕಲ್ ಸೀರೆ ಉಟ್ಟು, ತಲೆ ಬಾಚಿಕೊಂಡು, ಹೊರಬಾಗಿಲಿಗೆ ಮುಖ ಮಾಡಿ ಕುರ್ಚಿಯಲ್ಲಿ ಕೂರುತ್ತಿದ್ದರು. ಗಾಡಿ ಬರುತ್ತಿರಲಿಲ್ಲ. ಡ್ರೈವರ್ ಲೀವು, ಗಾಡಿ ಸರ್ವಿಸಿಗೆ ಹೋಗಿದೆ, ಬೇರೆ ಕಸ್ಟಮರ್ ತಗೊಂಡು ಹೋಗಿದ್ದಾರೆ, ಸಂಜೆ ಖಂಡಿತ. ಸಂಜೆ ಮತ್ತೆ ಕಾಯುವುದು. ಮತ್ತೊಂದು ದಿನ, ಮತ್ತೆ ಅದೇ ಸೀರೆ. ಆಮೇಲಾಮೇಲೆ ಅತ್ತೆ ಸೀರೆ ಬದಲಾಯಿಸುವುದನ್ನು ಬಿಟ್ಟರು. ಕುರ್ಚಿಯನ್ನು ಒಳಗೆ ಎಳೆದುಕೊಂಡರು. "ಏನಾಯ್ತೇ?" ಎಂದು ಕೇಳುವುದೂ ನಿಂತಿತು. ಅಷ್ಟು ದಿನ ಆ ಪ್ರಶ್ನೆಗೆ ಬೇಸರಪಟ್ಟಿದ್ದ ನನಗೆ, ಅದು ನಿಂತದ್ದು ಇನ್ನೂ ಭಾರವಾಯಿತು.

ಒಂದು ಮಧ್ಯಾಹ್ನ ನಾನು ಬಟ್ಟೆ ಮಡಿಸುತ್ತಿದ್ದಾಗ ಅವರು ಫೋನಿನಲ್ಲಿ ಹೇಳುವುದು ಕೇಳಿಸಿತು. "ನನ್ ಕೈಲಿ ಬರಕ್ಕಾಗಲ್ಲ ಅನ್ಸುತ್ತೆ ಕಣೇ ಹುಡುಗಿ. ನೀನೇ ಬೇಗ ನಡೆಯೋದು ಕಲ್ತು ಬಾ." ಆ ಕಡೆಯಿಂದ ಏನು ಬಂತೋ, ಇವರು ಬಹಳ ಹೊತ್ತು ಫೋನು ಕಿವಿಗೆ ಹಿಡಿದುಕೊಂಡೇ ಕುಳಿತಿದ್ದರು.

ಗಾಡಿ ಬಂದದ್ದು ಯಾರೂ ಕಾಯದಿದ್ದ ಒಂದು ಭಾನುವಾರ. ಚಿಕ್ಕಮಾವ ಬೆಳಿಗ್ಗೆಯೇ ನಮ್ಮ ಮನೆಗೆ ಬಂದಿದ್ದರು, ಇಡ್ಲಿ ತಿಂದು ಪೇಪರು ಓದುತ್ತಿದ್ದರು. ಬಾಗಿಲಲ್ಲಿ ಹಾರ್ನ್ ಆಯಿತು. ಒಬ್ಬ ಬಡಕಲು ಸೇಲ್ಸ್‌ನವನು, ಬೆವರಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, "ಸಾರ್, ಬೇಗ ನೋಡ್ಬಿಡಿ, ಇನ್ನೂ ಎರಡು ಕಡೆ ಹೋಗ್ಬೇಕು" ಎಂದ. ಪಕ್ಕದ ಮನೆ ಕಟ್ಟುವವರು ಮರಳು ಸುರಿಸಿದ್ದರಿಂದ ಕಾರನ್ನು ಉಲ್ಟಾ ದಿಕ್ಕಿಗೆ ನಿಲ್ಲಿಸಿದ್ದ. ಎಡಗಡೆಯ ಬಾಗಿಲುಗಳು ರಸ್ತೆಯ ನಡುವಿಗೇ ತೆರೆಯುತ್ತಿದ್ದವು.

ಚಿಕ್ಕಮಾವ ಎಂದಿನಂತೆ ಮುಂದೆ ಕುಳಿತರು, ತಮ್ಮ ಉದ್ದ ಕಾಲಿಗೆ ಸರಿಹೋಗುವಂತೆ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿಸಿಕೊಂಡರು, ಆಮೇಲೆ ಇಳಿದು ಡಿಕ್ಕಿಯ ಬಾಗಿಲು ಬಡಿದು ನೋಡಲು ಹಿಂದೆ ಹೋದರು. ಅತ್ತೆ ಮನೆಯ ಹತ್ತಿ ಸೀರೆಯಲ್ಲೇ ನನ್ನ ಭುಜ ಹಿಡಿದು ಬಂದರು. ನಾನು ಹಿಂದಿನ ಸೀಟು ಅಳೆದೆ. ಒಂದು ಮೊಳ ನಾಲ್ಕು ಬೆರಳು. ಸರಿಯಾಗಿ ಅಷ್ಟೇ.

"ಮಂಚದಷ್ಟೇ ಇದೆ ಅತ್ತೆ," ಎಂದೆ.

ಅತ್ತೆ ಬೆನ್ನು ಹಾಕಿ ಕುಳಿತರು. ಕುಳಿತದ್ದು ಸಲೀಸಾಯಿತು. ಕಾಲು ಒಳಗೆ ಬರಲಿಲ್ಲ. ಮುಂದಿನ ಸೀಟಿಗೂ ಬಾಗಿಲಿಗೂ ನಡುವೆ ಇದ್ದ ಸಂದಿಯಲ್ಲಿ ಮಂಡಿ ಮಡಿಸಿ ಪಾದ ತೂರಿಸಬೇಕಿತ್ತು; ಅವರ ಮಂಡಿ ಅಷ್ಟು ಮಡಿಯುವುದಿಲ್ಲ. ಮಂಚದ ಮುಂದೆ ಇನ್ನೊಂದು ಸೀಟು ಇರುವುದಿಲ್ಲ ಎಂಬುದು ಇಷ್ಟು ದಿನ ಅಳೆದ ನನಗೆ ಹೊಳೆದೇ ಇರಲಿಲ್ಲ. ಒಮ್ಮೆ ಪ್ರಯತ್ನಿಸಿದರು, ಇನ್ನೊಮ್ಮೆ. ಹಿಮ್ಮಡಿ ಸಿಕ್ಕಿಕೊಂಡಿತು. ನಮ್ಮ ಮನೆಯವರು ಬಗ್ಗಿ ಕಾಲು ಹಿಡಿಯಲು ಹೋದರು.

"ಮುಟ್ಟಬೇಡ," ಎಂದರು ಅತ್ತೆ. ದನಿ ದೊಡ್ಡದಾಗಿರಲಿಲ್ಲ. ನಮ್ಮ ಮನೆಯವರು ಸುಟ್ಟುಕೊಂಡವರಂತೆ ಕೈ ಹಿಂದೆಗೆದರು.

ಬಾಗಿಲು ಹಿಡಿದು ಎದ್ದು ನಿಂತರು. ಮಂಡಿ ನಡುಗುವುದು ಸೀರೆಯ ನೆರಿಗೆಯಲ್ಲಿ ಕಾಣುತ್ತಿತ್ತು. ಸೇಲ್ಸ್‌ನವನು ಗಡಿಯಾರ ನೋಡಿಕೊಂಡ. "ಸ್ವಲ್ಪ ಕೂರ್ಬೇಕು ಕಣೇ," ಎಂದು ಅತ್ತೆ ಸುತ್ತ ನೋಡಿದರು. ಮನೆಯ ಕುರ್ಚಿ ದೂರ. ಚಿಕ್ಕಮಾವ ತೆರೆದಿಟ್ಟು ಹೋದ ಮುಂದಿನ ಬಾಗಿಲು ಹತ್ತಿರ. ಅಲ್ಲೇ, ಆ ಸೀಟಿನ ಅಂಚಿಗೆ, ಜಗಲಿಯ ಮೇಲೆ ಕೂರುವಂತೆ ರಸ್ತೆಗೆ ಕಾಲು ಬಿಟ್ಟುಕೊಂಡು ಕುಳಿತು ಸುಧಾರಿಸಿಕೊಳ್ಳತೊಡಗಿದರು.

ಅಷ್ಟರಲ್ಲಿ ಗ್ಯಾಸ್ ಸಿಲಿಂಡರಿನ ಗಾಡಿ ತಿರುವಿನಿಂದ ನುಗ್ಗಿತು. ಮರಳಿನ ರಾಶಿ ಒಂದು ಕಡೆ, ಕಾರು ಇನ್ನೊಂದು ಕಡೆ. ಅವನು ಹಾರ್ನ್ ಬಾರಿಸುತ್ತಲೇ ಬಂದ. "ಅತ್ತೆ, ಕಾಲು!" ಎಂದು ನಾನು ಕೂಗಿದೆ. ಅತ್ತೆ ಬೆಚ್ಚಿ, ಒಂದು ಕಾಲನ್ನೂ ಹಿಂದೆಯೇ ಇನ್ನೊಂದನ್ನೂ ಒಳಗೆ ಎಳೆದುಕೊಂಡರು. ಸಿಲಿಂಡರುಗಳು ಕಣಕಣ ಎನ್ನುತ್ತ ದಾಟಿಹೋದವು.

ಅತ್ತೆ ಕಾರಿನೊಳಗೆ ಕುಳಿತಿದ್ದರು. ಕಾಲು ಚಾಚಿಕೊಂಡು, ಬೆನ್ನು ಆನಿಸಿಕೊಂಡು. ಯಾರೂ ಎತ್ತಿರಲಿಲ್ಲ.

ನಾವು ನಾಲ್ವರೂ ಅವರನ್ನೇ ನೋಡುತ್ತ ನಿಂತೆವು. ನಮ್ಮ ಮನೆಯಲ್ಲಿ ಮುಂದಿನ ಸೀಟು ಎಂದರೆ ಮಾವನವರ ಜಾಗ. ಅವರು ಹೋದ ಮೇಲೆ ಚಿಕ್ಕಮಾವ ಬಂದರೆ ಚಿಕ್ಕಮಾವನದು. ಅವರಿಲ್ಲದ ದಿನ ಅತ್ತೆ ಹಿಂದೆ, ಅವರಿಗೆ ಜೊತೆಯಾಗಿ ನಾನು ಹಿಂದೆ, ಮುಂದೆ ಹಣ್ಣಿನ ಚೀಲ ಮತ್ತು ನೀರಿನ ಫ್ಲಾಸ್ಕು. ಹೀಗಿರಬೇಕು ಎಂದು ಯಾರೂ ಯಾವತ್ತೂ ಹೇಳಿರಲಿಲ್ಲ. ಹಿರಿಯ ಹೆಂಗಸರು ಹಿಂದೆ ಕೂರುತ್ತಾರೆ, ಅಷ್ಟೆ. ಅನ್ನಕ್ಕೆ ಮೊದಲು ಉಪ್ಪು ಬಡಿಸಿದ ಹಾಗೆ. ಊರಿನ ಶೋರೂಮುಗಳನ್ನೆಲ್ಲ ಸುತ್ತಿ, ಮೊಣಕೈ ಚರ್ಮ ಸುಲಿಯುವಂತೆ ನಾನು ಅಳೆದದ್ದೆಲ್ಲ ಹಿಂದಿನ ಸೀಟು. ಒಬ್ಬ ಸೇಲ್ಸ್‌ನವನಾದರೂ ಮುಂದೆ ಅಳೆಯಿರಿ ಎನ್ನಲಿಲ್ಲ; ಹೇಳಿದ್ದರೂ ನಾವು ಕೇಳುತ್ತಿರಲಿಲ್ಲವೇನೋ.

"ಬಾಗ್ಲು ಹಾಕೋ," ಎಂದರು ಅತ್ತೆ ಮಗನಿಗೆ.

"ಎಲ್ಲಿಗಮ್ಮ?"

"ಎಲ್ಲಿಗೆ ಅಂದ್ರೆ? ಭದ್ರಾವತಿಗೆ."

ಸೇಲ್ಸ್‌ನವನ ಮುಖ ಬಿಳಿಚಿತು. "ಅಮ್ಮ, ಟೆಸ್ಟ್ ಡ್ರೈವ್ ಅಂದ್ರೆ ಇಲ್ಲೇ ಒಂದೆರಡು ರೌಂಡ್ ಅಷ್ಟೇ. ಭದ್ರಾವತಿಗೆಲ್ಲ ಪರ್ಮಿಷನ್ ಇಲ್ಲಮ್ಮ."

"ನೀನೂ ಹತ್ತಪ್ಪ. ತಿಂಡಿ ಆಯ್ತಾ?"

"ಇಲ್ಲಮ್ಮ..."

"ಮತ್ತೆ ಇನ್ನೇನು? ಅಲ್ಲೇ ತಿನ್ನೋವಂತೆ."

ಚಿಕ್ಕಮಾವ ತಮ್ಮ ಸೀಟಿನ ಪಕ್ಕ ನಿಂತು ಗಂಟಲು ಸರಿಪಡಿಸಿಕೊಂಡರು. "ಅತ್ತಿಗೆ, ಮುಂದೆ ಬಿಸ್ಲು ಹೊಡೆಯುತ್ತೆ ನಿಮಗೆ..."

"ಹೊಡೀಲಿ. ನಿಮಗೇನು, ಇದು ಜಹಗೀರಾ?"

"ಛೆ ಛೆ, ಹಂಗಲ್ಲ," ಎನ್ನುತ್ತ ಚಿಕ್ಕಮಾವ ಹಿಂದೆ ತೂರಿಕೊಂಡರು. ನಡುವೆ ಸೇಲ್ಸ್‌ನವನು, ಈ ಕಡೆ ನಾನು. ಸ್ಟೀರಿಂಗ್ ಹಿಡಿದದ್ದು ನಮ್ಮ ಮನೆಯವರು. ಮುಂದಿನ ಸೀಟು ಹಿಂದಕ್ಕೆ ಬಂದಿದ್ದರಿಂದ ಚಿಕ್ಕಮಾವನ ಮಂಡಿ ಗದ್ದಕ್ಕೆ ತಾಗುತ್ತಿತ್ತು. "ಏನಮ್ಮ ಇದು, ಹಿಂದೆ ಇಷ್ಟು ಇಕ್ಕಟ್ಟಾ?" ಎಂದು ನನ್ನನ್ನು ಕೇಳಿದರು.

"ಮೊದ್ಲಿಂದ್ಲೂ ಇಷ್ಟೇ," ಎಂದರು ಅತ್ತೆ ಮುಂದಿನಿಂದ.

ದಾರಿಯುದ್ದಕ್ಕೂ ಸೇಲ್ಸ್‌ನವನ ಫೋನು ಜೇಬಿನಲ್ಲಿ ಗುಂಯ್‌ಗುಟ್ಟುತ್ತಿತ್ತು. ಅವನು ಅದನ್ನು ತೆಗೆದು ನೋಡುವುದು, ಒಳಗಿಡುವುದು. ಅತ್ತೆ ಮುಂದೆ ಕುಳಿತು ಬ್ರೇಕು ಇಲ್ಲದ ಕಡೆ ಬ್ರೇಕು ತುಳಿಯುತ್ತಿದ್ದರು. "ಮೆಲ್ಲಗೆ. ಲಾರಿ. ಎಮ್ಮೆ ಇದೆ ನೋಡು." ಮಾಚೇನಹಳ್ಳಿ ದಾಟಿದ ಮೇಲೆ ಸೀಟಿಗೆ ಬೆನ್ನು ಆನಿಸಿದರು. ಆಮೇಲೆ ಅವರಷ್ಟಕ್ಕೇ ಹೇಳಿಕೊಂಡರು, "ರಸ್ತೆ ಎದುರಿಂದ ಹಿಂಗೆ ಬರುತ್ತಾ! ನಾನು ಬರೀ ಪಕ್ಕದ ಅಂಗಡಿ ಬೋರ್ಡು ನೋಡ್ಕೊಂಡು ಹೋಗ್ತಿದ್ದೆ."

ಓಲ್ಡ್ ಟೌನಿನ ಬೀದಿಯಲ್ಲಿ ಕಾರು ನಿಂತಾಗ ಅತ್ತೆ ಯಾರ ಕೈಗೂ ಕಾಯಲಿಲ್ಲ. ಕಾಲು ಹೊರಗೆ ಹಾಕಿ, ಬಾಗಿಲು ಹಿಡಿದು, "ಶಿವಾ" ಎಂದು ಎದ್ದರು. ಒಳಗೆ ಹೋಗಿ ಚಿಕ್ಕತ್ತೆಯ ಮಂಚದ ಅಂಚಿಗೆ ಕುಳಿತರು. ಸಿನಿಮಾದಂತೆ ಅಪ್ಪಿಕೊಂಡು ಅಳುತ್ತಾರೆಂದು ನಾನು ಸೆರಗಿನ ತುದಿ ಸಿದ್ಧ ಮಾಡಿಕೊಂಡಿದ್ದೆ. ಚಿಕ್ಕತ್ತೆ ಮೊದಲು ಹೇಳಿದ್ದು, "ಈಗ ನೆನಪಾಯ್ತಾ ನನ್ನ?"

"ನಿನ್ನ ಗಂಡ ಊರಿನ ತಗಡೆಲ್ಲ ಬಡಿದು ಮುಗಿಸ್ಬೇಕಿತ್ತಲ್ಲ," ಎಂದರು ಅತ್ತೆ. "ಇದೇನೇ, ತಲೆ ಹಿಂಗೆ ಗಂಟು ಕಟ್ಟಿದೆ? ಯಾರೂ ಬಾಚಲ್ವಾ? ಬಾಚಣಿಗೆ ಎಲ್ಲಿ?"

ಬಾಚಣಿಗೆ ಸಿಕ್ಕಿತು. ಅತ್ತೆ ಸಿಕ್ಕು ಬಿಡಿಸುತ್ತ, ಬೈಯುತ್ತ ಕುಳಿತರು. ಚಿಕ್ಕತ್ತೆ "ಅಯ್ಯೋ, ನೋಯುತ್ತಕ್ಕ" ಎನ್ನುತ್ತ, ತಲೆಯನ್ನು ಮಾತ್ರ ಇನ್ನಷ್ಟು ಹತ್ತಿರ ಕೊಡುತ್ತಿದ್ದರು. ಚಿಕ್ಕಮಾವ ಅವಲಕ್ಕಿ ಕಲಸಿದರು. ಸೇಲ್ಸ್‌ನವನು ಎರಡು ಸಲ ಹಾಕಿಸಿಕೊಂಡು ತಿಂದ. ಆಮೇಲೆ ಕೈ ಒರೆಸಿಕೊಂಡು, ಧೈರ್ಯ ತಂದುಕೊಂಡು ಕೇಳಿದ, "ಸಾರ್, ಬುಕ್ ಮಾಡ್ಕೊಳ್ಲಾ?"

ನಮ್ಮ ಮನೆಯವರು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ಬಜಾರಿನ ಯಾವ ವರಸೆಯೂ ಅವರಲ್ಲಿ ಉಳಿದಿರಲಿಲ್ಲ. "ಮಾಡ್ಕೊಳಪ್ಪ," ಎಂದರು.

"ಡೆಲಿವರಿ ಸ್ವಲ್ಪ ಲೇಟಾಗುತ್ತೆ ಸಾರ್. ಎರಡು ಎರಡೂವರೆ ತಿಂಗ್ಳು ಆಗ್ಬಹುದು."

ಬಾಚಣಿಗೆ ನಿಂತಿತು. "ಎಷ್ಟಂದ?" ಎಂದು ಅತ್ತೆ ಕೇಳಿದರು. ಹೇಳಿದ. ಅತ್ತೆ ಚಿಕ್ಕತ್ತೆಯ ಮುಖ ನೋಡಿದರು.

"ಹಂಗಿದ್ರೆ ಕಾರು ಬಂದ್ಮೇಲೆ ಬಂದು ಕರ್ಕೊಂಡು ಹೋಗಿ," ಎಂದರು ನಮಗೆ. "ಈಗ ಇವನ ಗಾಡೀಲಿ ವಾಪಸ್ ಬಂದ್ರೆ ಮತ್ತೆ ಹೊಸ್ಲು ಒಳಗೇ ತಾನೆ ನಾನು? ಇಲ್ಲೇ ಇರ್ತೀನಿ."

ಯಾರ ಮಾತೂ ನಡೆಯಲಿಲ್ಲ. ಹಾಗಾಗಿ ಎರಡು ಮೂರು ದಿನಕ್ಕೊಮ್ಮೆ ನಾವಿಬ್ಬರೂ ಅದೇ ಹಳೇ ಕಾರಿನಲ್ಲಿ ಭದ್ರಾವತಿಗೆ ಹೋಗುತ್ತಿದ್ದೇವೆ. ಅತ್ತೆಯ ಮಾತ್ರೆ, ಒಗೆದ ಸೀರೆ, ಅವರ ಪೂಜೆಯ ಸಾಮಾನು, ಅವರು ಮರೆತ ಕನ್ನಡಕ, ನೆನಪಿಸಿಕೊಂಡ ಇನ್ನೊಂದು ಕಂಬಳಿ. ಅಂಗಡಿ ಮುಚ್ಚಿ ಹೊರಡುವುದು, ಬರುವಾಗ ಲಾರಿಗಳ ಬೆಳಕಿಗೆ ಕಣ್ಣು ಕುಕ್ಕಿಸಿಕೊಳ್ಳುವುದು. ಮೊದಲು ಶೋರೂಮಿನವರು ನಮಗೆ ಫೋನು ಮಾಡುತ್ತಿದ್ದರು. ಈಗ ನಮ್ಮ ಮನೆಯವರು ಮಾಡುತ್ತಾರೆ, ಅವರು ಎತ್ತುವುದಿಲ್ಲ.

ಮೊನ್ನೆ ಮಾತ್ರ ಒಂದು ಸಲ ಎತ್ತಿದರು. ಗಾಡಿ ಸ್ವಲ್ಪ ಬೇಗನೇ ಬರಬಹುದು ಎಂದರಂತೆ. ಆ ಸುದ್ದಿಯನ್ನು ಹೊತ್ತು ಓಲ್ಡ್ ಟೌನಿಗೆ ಹೋದೆವು. ಓರಗಿತ್ತಿಯರಿಬ್ಬರೂ ಮಂಚದ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ನಮ್ಮ ಮನೆಯವರು ಹೇಳಿದರು. ಇಬ್ಬರ ಕೈಯೂ ನಿಂತಿತು.

"ನಂಬರ್ ಪ್ಲೇಟು, ಅದು ಇದು ಅಂತ ಇನ್ನೂ ಟೈಮ್ ಹಿಡಿಯುತ್ತಲ್ವೇನೋ?" ಎಂದು ಅತ್ತೆ ಮಗನನ್ನು ಕೇಳಿದರು.

"ಹಿಡಿಯುತ್ತಮ್ಮ," ಎಂದರು ಇವರು, ಚಪ್ಪಲಿ ಕೂಡ ಬಿಚ್ಚದೆ ಬಾಗಿಲಲ್ಲೇ ಕುಸಿದು ಕುಳಿತು.

"ಹಿಡೀಲಿ ಬಿಡು," ಎಂದು ಅತ್ತೆ ಇನ್ನೊಂದು ಹಿಡಿ ಕಾಯಿಯನ್ನು ಚಿಕ್ಕತ್ತೆಯ ಕಡೆಗೆ ತಳ್ಳಿದರು.